ಆಲ್‌ಹ್ಯಾಟ್ ಅಧ್ಯಯನ

ಅಧಿಕ ರಕ್ತದೊತ್ತಡದ ಔಷಧಗಳನ್ನು ಹೋಲಿಸಿ ನೋಡಲು ಅಮೆರಿಕದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆ 1994ರಲ್ಲಿ ಆರಂಭಿಸಿದ ಪ್ರಯೋಗ. ಸೌಮ್ಯ ಅಥವಾ ಮಧ್ಯಮ ಮಟ್ಟದ ರಕ್ತದೊತ್ತಡದ ಜೊತೆಗೆ ಮಧುಮೇಹ, ಧೂಮಪಾನದಂಥ ಇನ್ನೊಂದಾದರೂ ಅಪಾಯವಿದ್ದ, 55 ಅಥವಾ ಅದಕ್ಕೂ ಹೆಚ್ಚು ವಯಸ್ಸಿನ 42 ಸಾವಿರಕ್ಕೂ ಮಿಕ್ಕಿ ಜನ ಇದರಲ್ಲಿದ್ದರು. ಯಾರಿಗೆ ಯಾವ ಗುಳಿಗೆ ಎಂಬುದು ರೋಗಿಗಾಗಲಿ ವೈದ್ಯರಿಗಾಗಲಿ ತಿಳಿಯದಂತೆ ಕ್ಲೋರ್ಥಾಲಿಡೋನ್, ಆಮ್ಲೊಡಿಪಿನ್, ಲಿಸಿನೊಪ್ರಿಲ್, ಡಾಕ್ಸಾಜೋಸಿನ್‌ಗಳನ್ನು ಹಂಚಲಾಯಿತು.

ಡಾಕ್ಸಾಜೋಸಿನ್ ಪಡೆದವರಲ್ಲಿ ಹೃದಯ ವೈಫಲ್ಯ ಸುಮಾರು ಎರಡು ಪಟ್ಟು ಕಂಡುಬಂದದ್ದರಿಂದ 2000ದಲ್ಲಿ ಆ ಗುಂಪಿನ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಉಳಿದ ಮೂರರ ಫಲಿತಾಂಶ 2002ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಹೃದಯಾಘಾತ ಮತ್ತು ಹೃದಯದ ರಕ್ತನಾಳದ ಕಾಯಿಲೆಯಿಂದಾದ ಸಾವು ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಕ್ಲೋರ್ಥಾಲಿಡೋನ್‌ಗೆ ಹೋಲಿಸಿದರೆ ಆಮ್ಲೊಡಿಪಿನ್ ಗುಂಪಿನಲ್ಲಿ ಹೃದಯ ವೈಫಲ್ಯ 38% ಹೆಚ್ಚಿತ್ತು. ಲಿಸಿನೊಪ್ರಿಲ್ ಗುಂಪಿನಲ್ಲಿ ಪಾರ್ಶ್ವವಾಯು 15% ಹೆಚ್ಚಿತ್ತು, ಅದೂ ಮುಖ್ಯವಾಗಿ ಕಪ್ಪು ಜನಾಂಗದವರಲ್ಲಿ.

ಕ್ಲೋರ್ಥಾಲಿಡೋನ್ ಎಂಬ ಹಳೆಯದೂ ಅಗ್ಗವೂ ಆದ ಮೂತ್ರವರ್ಧಕವೊಂದು ಆಗ ದುಬಾರಿಯಾಗಿದ್ದ ಹೊಸ ಔಷಧಗಳ ಎದುರು ಹೀಗೆ ಗಟ್ಟಿಯಾಗಿ ನಿಂತದ್ದೇ ಈ ಅಧ್ಯಯನದ ದೊಡ್ಡ ಕೊಡುಗೆ. ಕೈಯಲ್ಲಿ ಕಾಸಿಲ್ಲದ ರೋಗಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ. ಆದರೆ ಕ್ಲೋರ್ಥಾಲಿಡೋನ್ ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ, ಸಕ್ಕರೆಯನ್ನು ತುಸು ಏರಿಸುತ್ತದೆ. ಹಾಗಾಗಿ ಅದನ್ನು ಸೇವಿಸುವವರಿಗೆ ಆಗಾಗ ರಕ್ತಪರೀಕ್ಷೆ ಬೇಕು.