ಕಾಫಿಪುಡಿಯ ಡಬ್ಬಿ

ಹಳೆಯ ಮೈಸೂರು ಸೀಮೆಯ ಅಡುಗೆಮನೆಗಳಲ್ಲಿ ಇಂದು ಒಲೆಯ ಮಗ್ಗುಲಲ್ಲೇ ಕಾಣಸಿಗುವ ಕಾಫಿಪುಡಿಯ ಡಬ್ಬಿಗೆ ಬಹಳ ದೀರ್ಘವಾದ ಚರಿತ್ರೆಯಿಲ್ಲ. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದನೆಂಬ ಐತಿಹ್ಯ 17ನೆಯ ಶತಮಾನಕ್ಕೆ ಸೇರಿದ್ದರೂ, ಕಾಫಿ ಇಲ್ಲಿನ ಮಧ್ಯಮವರ್ಗದ ಮನೆಗಳ ನಿತ್ಯದ ಪಾನೀಯವಾದದ್ದು 20ನೆಯ ಶತಮಾನದಲ್ಲಿ. ಆಗಲೂ ಅನೇಕ ಮನೆಗಳಲ್ಲಿ ಕೂಡಿಡುತ್ತಿದ್ದುದು ಪುಡಿಯನ್ನಲ್ಲ, ಹಸಿಬೀಜವನ್ನು.

ಹಸಿಬೀಜವೆಂದರೆ ಹಣ್ಣಿನ ಸಿಪ್ಪೆ, ಹೊಟ್ಟುಗಳನ್ನು ಕಳೆದು ಒಣಗಿಸಿದ, ಇನ್ನೂ ಹುರಿಯದ ಬೀಜ. ಅದರ ತೇವಾಂಶ ಸುಮಾರು ಶೇ. 10ರಿಂದ 12ರಷ್ಟಿರುವುದರಿಂದ, ನೆಮ್ಮು ತಾಗದಂತೆ ಇಟ್ಟರೆ ಅದು ತಿಂಗಳುಗಟ್ಟಲೆ ಕೆಡದು. 1942ರ ಕಾಯಿದೆಯ ಅನ್ವಯ ರೂಪುಗೊಂಡ ಕಾಫಿ ಮಂಡಳಿ, ಬೆಳೆಗಾರರ ಬೀಜವನ್ನು ‘ಪೂಲ್’ ಎಂಬ ಸಾಮೂಹಿಕ ಸಂಗ್ರಹಕ್ಕೆ ಪಡೆದು, ಹರಾಜಿನ ಮೂಲಕ ವರ್ತಕರಿಗೆ ಮಾರುವ ಪದ್ಧತಿಯನ್ನು 1990ರ ದಶಕದವರೆಗೂ ನಡೆಸಲು ಸಾಧ್ಯವಾದದ್ದಕ್ಕೆ ಬೀಜದ ಈ ಬಾಳಿಕೆಯೂ ಒಂದು ಆಧಾರ.

ಹುರಿದ ಮೇಲೆ ಬೀಜದ ಸ್ವಭಾವವೇ ಬೇರೆಯಾಗುತ್ತದೆ. ಒಳಗೆ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಮೆಲ್ಲನೆ ಹೊರಬರುವಾಗ ಘಮವೂ ಅದರ ಜೊತೆ ಹೋಗುತ್ತದೆ. ಬೀಜದ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಬೆರೆತು ಕಮಟು ವಾಸನೆ ಹಿಡಿಯುತ್ತದೆ. ಬೀಸಿದಾಗ ಗಾಳಿಗೆ ತೆರೆದುಕೊಳ್ಳುವ ಮೈ ಹಲವು ಪಟ್ಟು ಹೆಚ್ಚುವುದರಿಂದ ಈ ಎರಡೂ ಕೆಲಸ ಚುರುಕಾಗುತ್ತವೆ. ಬಾಣಲೆಯಲ್ಲಿ ಹುರಿದು, ಹಲಗೆಗೆ ಬಿಗಿದ ಕೈಯಂತ್ರದಲ್ಲಿ ಅಂದಂದಿನ ಡಿಕಾಕ್ಷನ್ನಿಗೆ ಬೇಕಾದಷ್ಟನ್ನೇ ಬೀಸಿಕೊಳ್ಳುತ್ತಿದ್ದ ಮನೆಗಳಿಗೆ ಪುಡಿಯನ್ನು ಕಾಪಾಡುವ ಪ್ರಶ್ನೆಯೇ ಇರಲಿಲ್ಲ.

ಹುರಿಯುವ, ಬೀಸುವ ಕೆಲಸ ಪೇಟೆಯ ಅಂಗಡಿಗೆ ಹೋದಾಗ ಆ ಪ್ರಶ್ನೆ ಮನೆಗೆ ಬಂತು. ಅಂಗಡಿಯವನು ಗಿರಾಕಿ ಹೇಳಿದ ಪ್ರಮಾಣದಲ್ಲಿ ಚಿಕೋರಿ, ಅಂದರೆ ಹುರಿದು ಪುಡಿಮಾಡಿದ ಒಂದು ಗಿಡದ ಬೇರನ್ನು, ಬೆರೆಸಿಕೊಡುತ್ತಿದ್ದ ಪುಡಿ ಇನ್ನೂ ಬೆಚ್ಚಗಿರುತ್ತಿತ್ತು. ಚಿಕೋರಿ ತೇವವನ್ನು ಬೇಗ ಹೀರುವುದರಿಂದ ಮಳೆಗಾಲದಲ್ಲಿ ಇಂಥ ಪುಡಿ ಗಂಟುಕಟ್ಟುತ್ತದೆ; ಬಿಸಿಯಾಗಿರುವಾಗಲೇ ಮುಚ್ಚಿದರೆ ಒಳಗಿನ ಹಬೆಯಿಂದಲೂ, ಒದ್ದೆ ಚಮಚ ಹಾಕಿದರೆ ಅದರ ನೀರಿನಿಂದಲೂ ಅದೇ ಗತಿ. ಫ್ರಿಜ್ ಬಂದ ಮೇಲೆ, ತಣ್ಣಗಿನ ಡಬ್ಬಿಯನ್ನು ದಿನಕ್ಕೆರಡು ಬಾರಿ ಹೊರತೆಗೆದು ತೆರೆದಾಗ ಹೊರಗಿನ ಗಾಳಿಯ ತೇವ ಪುಡಿಯ ಮೇಲೆ ಹನಿಗಟ್ಟುವ ಹೊಸ ತೊಡಕೂ ಸೇರಿಕೊಂಡಿತು.

ಅಮೆರಿಕದಲ್ಲಿ 1900ರ ಸುಮಾರಿಗೇ ಹಿಲ್ಸ್ ಬ್ರದರ್ಸ್ ಸಂಸ್ಥೆ ಗಾಳಿ ಹೀರಿ ತೆಗೆದ ತಗಡಿನ ಡಬ್ಬಿಗಳಲ್ಲಿ ಕಾಫಿಯನ್ನು ಮಾರಾಟಕ್ಕೆ ತಂದಿತ್ತು. ಆದರೆ ಮುಚ್ಚಳ ತೆರೆದೊಡನೆ ಆ ರಕ್ಷಣೆಯೂ ಮುಗಿಯುತ್ತದೆ. ಅಂಗಡಿಯ ಪುಡಿಯನ್ನೇ ನೆಚ್ಚಿದ ಮನೆಗಳಿಗೆ ಡಬ್ಬಿಗಿಂತ ಹೆಚ್ಚಾಗಿ ಒದಗಿಬಂದದ್ದು ಕಾಲು ಕೆ.ಜಿ.ಯಷ್ಟನ್ನೇ ಕೊಂಡು, ಅದು ಮುಗಿದ ಮೇಲೆ ಮತ್ತೆ ಅಂಗಡಿಗೆ ಹೋಗುವ ರೂಢಿ.