ಗುಟ್ಟಿನ ಅರ್ಧಪಾಲು: ಇಂದ್ರಜಾಲ ರಂಗದ ದಂಪತಿಗಳು

1895ರ ಸುಮಾರಿಗೆ ಅಮೆರಿಕದಲ್ಲಿ ಅಚ್ಚಾದ ಒಂದು ಭಿತ್ತಿಪತ್ರ ಇಂದ್ರಜಾಲದ ಇತಿಹಾಸ ಓದಿದವರಿಗೆಲ್ಲ ಪರಿಚಿತ. ಪೆಟ್ಟಿಗೆಯೊಳಗೆ ನಡೆಯುವ ಅದಲುಬದಲಿನ ಆಟವೊಂದನ್ನು ಅದು ಹಂತಹಂತವಾಗಿ ವಿವರಿಸುತ್ತದೆ. ಗಂಡನ ಕೈಗಳನ್ನು ಬೆನ್ನ ಹಿಂದೆ ಕಟ್ಟುತ್ತಾರೆ. ಅವನನ್ನು ಚೀಲದೊಳಗೆ ಇಳಿಸಿ, ಬಾಯಿ ಬಿಗಿದು, ಗಂಟಿಗೆ ಮುದ್ರೆ ಒತ್ತುತ್ತಾರೆ. ಚೀಲವನ್ನು ದೊಡ್ಡ ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಪಟ್ಟಿ ಬಿಗಿಯುತ್ತಾರೆ. ಹೆಂಡತಿ ಪರದೆ ಎಳೆದು ಮೂರು ಸಲ ಚಪ್ಪಾಳೆ ತಟ್ಟುತ್ತಾಳೆ. ಮೂರನೆಯ ಚಪ್ಪಾಳೆಗೆ ಪರದೆ ಸರಿಸಿ ನಿಂತವನು ಗಂಡ. ಪೆಟ್ಟಿಗೆ ತೆರೆದರೆ ಅದೇ ಚೀಲದಲ್ಲಿ, ಅದೇ ರೀತಿ ಕೈ ಕಟ್ಟಿಸಿಕೊಂಡು ಕುಳಿತವಳು ಹೆಂಡತಿ. ಇಷ್ಟಕ್ಕೂ ಹಿಡಿದ ಹೊತ್ತು ಮೂರು ಸೆಕೆಂಡು ಎಂದು ಭಿತ್ತಿಪತ್ರ ಸಾರುತ್ತದೆ. ಅದರ ಕೊನೆಯಲ್ಲಿರುವ ಸಹಿ ‘ದಿ ಹುಡಿನೀಸ್’ ಎಂದು, ಗಂಡಹೆಂಡಿರಿಬ್ಬರನ್ನೂ ಸೇರಿಸಿ.

ಈ ಸಹಿಯನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಆ ಮೂರು ಸೆಕೆಂಡಿನಲ್ಲಿ ಹ್ಯಾರಿ ಹುಡಿನಿ ಹೊರಬರುವುದು ಎಷ್ಟು ಕಷ್ಟವೋ ಬೆಸ್ ಒಳಸೇರುವುದೂ ಅಷ್ಟೇ ಕಷ್ಟ. ಹಾಗಿದ್ದೂ ಚರಿತ್ರೆಯ ಪುಸ್ತಕಗಳು ಒಬ್ಬನನ್ನು ಜಾದೂಗಾರನೆಂದೂ ಇನ್ನೊಬ್ಬಳನ್ನು ಸಹಾಯಕಿಯೆಂದೂ ದಾಖಲಿಸಿದವು. ದಂಪತಿಗಳು ಸೇರಿ ನಡೆಸಿದ ಆಟಗಳಲ್ಲಿ ವಿದ್ಯೆ ಎರಡು ದೇಹಗಳಲ್ಲಿ ಹಂಚಿಹೋಗಿರುತ್ತದೆ. ಇಬ್ಬರೂ ರಂಗದ ಮೇಲಿರುವವರೆಗೆ ಈ ಹಂಚಿಕೆ ಕಣ್ಣಿಗೆ ಬೀಳುವುದಿಲ್ಲ. ಒಬ್ಬರು ತೀರಿಕೊಂಡಾಗಲೋ ಮನೆ ಒಡೆದಾಗಲೋ ಅದು ಬಯಲಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ನಾನು ಆಟದ ರಾತ್ರಿಗಳಿಗಿಂತ ಹೆಚ್ಚಾಗಿ ಸಾವಿನ ನಂತರದ ದಿನಗಳನ್ನು ನೋಡುತ್ತೇನೆ.

ಜಾದೂಗಾರನ ಪಕ್ಕದಲ್ಲಿ ಹೆಣ್ಣು ನಿಲ್ಲುವುದು ಬಹಳ ಹಳೆಯ ಪದ್ಧತಿಯೇನಲ್ಲ. ಉತ್ತರ ಭಾರತದ ಬೀದಿ ಜಾದೂಗಾರನಿಗೆ ಜೊತೆಯಾಗುವವನು ‘ಜಮೂರಾ’ ಎಂಬ ಹುಡುಗ. ಹೆಚ್ಚಾಗಿ ಅವನ ಮಗನೋ ತಮ್ಮನೋ. ಮಾತಿಗೆ ಮಾತು ಕೊಡುವವನೂ ಅವನೇ, ಬುಟ್ಟಿಯೊಳಗೆ ಮಾಯವಾಗುವವನೂ ಅವನೇ. ಯುರೋಪಿನ ಆಧುನಿಕ ಇಂದ್ರಜಾಲದ ಪಿತಾಮಹ ಎನಿಸಿದ ಫ್ರೆಂಚ್ ಜಾದೂಗಾರ ರಾಬರ್ಟ್-ಹೂಡಾನ್ ಕೂಡ 1840ರ ದಶಕದಲ್ಲಿ ತನ್ನ ಗಂಡುಮಕ್ಕಳನ್ನೇ ರಂಗಕ್ಕೆ ತಂದ. ಒಬ್ಬನಿಗೆ ಕಣ್ಣು ಕಟ್ಟಿ ಪ್ರೇಕ್ಷಕರ ಕೈಯಲ್ಲಿರುವ ವಸ್ತುಗಳ ಹೆಸರು ಹೇಳಿಸಿದ. ಇನ್ನೊಬ್ಬನನ್ನು, ಆಗಷ್ಟೇ ಸುದ್ದಿಯಲ್ಲಿದ್ದ ಈಥರ್‌ನ ಮಹಿಮೆ ಎಂದು ನಂಬಿಸಿ, ಒಂದು ಕೋಲಿನ ಆಸರೆಯಲ್ಲಿ ಗಾಳಿಯಲ್ಲಿ ಮಲಗಿಸಿದ. ಎರಡೂ ಕಡೆ ಕಾರಣ ಒಂದೇ: ಗುಟ್ಟು ಮನೆಯ ಹೊಸ್ತಿಲು ದಾಟಬಾರದು.

ಈ ಭಯಕ್ಕೆ ಆಧಾರವಿತ್ತು. ಸಂಬಳದ ಸಹಾಯಕ ಇಂದು ಇಲ್ಲಿ, ನಾಳೆ ಎದುರಾಳಿಯ ಬಳಿ. ವಿಲಿಯಂ ರಾಬಿನ್ಸನ್ ಎಂಬ ಚತುರ ತಂತ್ರಜ್ಞ ಹ್ಯಾರಿ ಕೆಲ್ಲರ್ ಮತ್ತು ಅಲೆಕ್ಸಾಂಡರ್ ಹರ್ಮನ್ ಎಂಬ ಬದ್ಧ ಪ್ರತಿಸ್ಪರ್ಧಿಗಳ ಕಂಪನಿಗಳ ನಡುವೆ ಓಡಾಡಿಕೊಂಡೇ ಬೆಳೆದವನು. ಲಂಡನ್ನಿನ ಮಾಸ್ಕೆಲಿನ್ ತಂಡದಲ್ಲಿದ್ದ ಪಾಲ್ ವಾಲಡನ್‌ನನ್ನು ಕೆಲ್ಲರ್ ತನ್ನತ್ತ ಸೆಳೆದುಕೊಂಡಾಗ, ಮಾಸ್ಕೆಲಿನ್‌ನ ಪ್ರಸಿದ್ಧ ‘ತೇಲುವ’ ಆಟದ ವಿವರಗಳೂ ಅವನ ಜೊತೆ ಬಂದವೆಂದು ಇಂದ್ರಜಾಲದ ಇತಿಹಾಸಕಾರರು ನಂಬುತ್ತಾರೆ. ಕಾನೂನೂ ನೆರವಿಗೆ ಬರುತ್ತಿರಲಿಲ್ಲ. ಹೆಂಗಸನ್ನು ಗರಗಸದಿಂದ ಕೊಯ್ಯುವ ತನ್ನ ಆಟಕ್ಕೆ ಹೊರೇಸ್ ಗೋಲ್ಡಿನ್ 1923ರಲ್ಲಿ ಪೇಟೆಂಟ್ ಪಡೆದ. ಹತ್ತು ವರ್ಷಗಳ ನಂತರ ಒಂದು ಸಿಗರೇಟ್ ಕಂಪನಿ ಅದರ ಗುಟ್ಟನ್ನು ಜಾಹೀರಾತಿನಲ್ಲಿ ಬಿಚ್ಚಿಟ್ಟಾಗ ಕೋರ್ಟಿಗೆ ಹೋದ, 1938ರಲ್ಲಿ ಸೋತ. ಪೇಟೆಂಟ್ ಎಂದರೆ ಗುಟ್ಟನ್ನು ಸಾರ್ವಜನಿಕ ದಾಖಲೆಗೆ ಒಪ್ಪಿಸಿದಂತೆಯೇ. ಹೀಗಿರುವಾಗ ಕೆಲಸ ಬಿಟ್ಟು ಹೋಗದ, ಪ್ರತ್ಯೇಕ ಸಂಬಳ ಕೇಳದ, ಊರೂರು ತಿರುಗುವಾಗ ಇನ್ನೊಂದು ಕೋಣೆಯ ಬಾಡಿಗೆ ಬೇಡದ ಸಹಾಯಕಿ ಹೆಂಡತಿಯೇ. ಈ ಜೋಡಿಗಳ ಬಗ್ಗೆ ಬರೆಯುವವರು ಪ್ರೇಮಕಥೆಯನ್ನು ಹೇಳುವಷ್ಟು ಈ ಹಣದ ಲೆಕ್ಕವನ್ನು ಹೇಳುವುದಿಲ್ಲ.

ಅಲೆಕ್ಸಾಂಡರ್ ಹರ್ಮನ್ ಹಾಗೂ ಅಡಿಲೇಡ್ 1875ರಲ್ಲಿ ನ್ಯೂಯಾರ್ಕಿನಲ್ಲಿ ಮದುವೆಯಾದರು. ಲಂಡನ್ನಿನಲ್ಲಿ ಹುಟ್ಟಿದ ಅಡಿಲೇಡ್ ಅಷ್ಟರಲ್ಲಿ ಪಳಗಿದ ನರ್ತಕಿ, ಆ ಕಾಲಕ್ಕೆ ಹೊಸದಾಗಿದ್ದ ಸೈಕಲ್ಲಿನ ಸಾಹಸಗಳನ್ನೂ ಬಲ್ಲವಳು. ಗಂಡನ ಆಟದಲ್ಲಿ ಆಕೆ ಗಾಳಿಯಲ್ಲಿ ತೇಲಿದಳು, ತೋಪಿನ ಬಾಯಿಂದ ಚಿಮ್ಮಿದಳು, ನಡುನಡುವೆ ಕುಣಿದಳು. 1896ರ ಡಿಸೆಂಬರ್ 17ರಂದು ಮುಂದಿನ ಊರಿನ ಆಟಕ್ಕೆ ಹೋಗುತ್ತಿದ್ದಾಗ ಅಲೆಕ್ಸಾಂಡರ್ ತನ್ನ ಸ್ವಂತ ರೈಲು ಬೋಗಿಯಲ್ಲೇ ತೀರಿಕೊಂಡ. ಅಪಾರವಾಗಿ ಗಳಿಸಿ ಅಷ್ಟೇ ಧಾರಾಳವಾಗಿ ಖರ್ಚು ಮಾಡಿದವನು. ಹೆಂಡತಿಗೆ ಉಳಿದದ್ದು ಸಲಕರಣೆಗಳು ಮತ್ತು ಸಾಲ.

ಅಡಿಲೇಡ್ ಕಂಪನಿ ಮುಚ್ಚಲಿಲ್ಲ. ಗಂಡನ ಸಂಬಂಧಿ ಯುವಕ ಲಿಯಾನ್ ಹರ್ಮನ್‌ನನ್ನು ಪ್ಯಾರಿಸ್‌ನಿಂದ ಕರೆಸಿದಳು. ಜಾದೂಗಾರನ ಸ್ಥಾನದಲ್ಲಿ ಗಡ್ಡಮೀಸೆಯ ಹರ್ಮನ್ ಒಬ್ಬ ಇರಲೇಬೇಕೆಂದು ಪ್ರೇಕ್ಷಕರು ಬಯಸುತ್ತಿದ್ದ ಕಾಲ ಅದು. ಆದರೆ 1897ರ ಜನವರಿಯಲ್ಲಿ, ವೈಧವ್ಯಕ್ಕೆ ಇನ್ನೂ ಎರಡು ತಿಂಗಳು ತುಂಬುವ ಮೊದಲೇ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಹೌಸ್‌ನ ರಂಗದ ಮೇಲೆ ತನ್ನತ್ತ ಹಾರಿಸಿದ ಗುಂಡುಗಳನ್ನು ಹಿಡಿಯುವ ಆಟವನ್ನು ಆಕೆಯೇ ಆಡಿದಳು. ಇಂದ್ರಜಾಲದಲ್ಲಿ ಅದಕ್ಕಿಂತ ಅಪಾಯದ ಆಟವಿಲ್ಲ. ಲಿಯಾನ್ ಜೊತೆಗಿನ ಪಾಲುದಾರಿಕೆ ಮೂರು ಸೀಸನ್‌ಗಳಲ್ಲಿ ಮುರಿದುಬಿತ್ತು. ಆಮೇಲೆ ಆಕೆ ‘ಇಂದ್ರಜಾಲದ ರಾಣಿ’ ಎಂಬ ಬಿರುದು ಹೊತ್ತು 1920ರ ದಶಕದ ಕೊನೆಯವರೆಗೆ, ಎಪ್ಪತ್ತು ದಾಟಿದ ಮೇಲೂ, ಸ್ವತಂತ್ರವಾಗಿ ರಂಗದಲ್ಲಿದ್ದಳು. 1926ರಲ್ಲಿ ಗೋದಾಮಿಗೆ ಬೆಂಕಿ ಬಿದ್ದು ಸಲಕರಣೆಗಳೂ ಸಾಕಿದ ಪ್ರಾಣಿಗಳೂ ಸುಟ್ಟುಹೋದವು; ಉಳಿದುದನ್ನು ಕೂಡಿಸಿಕೊಂಡು ಮತ್ತೆ ಹೊರಟಳು. ಇಪ್ಪತ್ತೊಂದು ವರ್ಷ ‘ಸಹಾಯಕಿ’ ಎನಿಸಿಕೊಂಡವಳು ಸುಮಾರು ಮೂವತ್ತು ವರ್ಷ ಜಾದೂಗಾರ್ತಿಯಾಗಿ ಬಾಳಿದಳು. ಈ ವಿದ್ಯೆ ಗಂಡ ಸತ್ತ ದಿನ ಆಕೆಗೆ ದಿಢೀರನೆ ಬಂದದ್ದಾಗಿರಲು ಸಾಧ್ಯವೇ ಇಲ್ಲ. ಆಕೆಯ ಆತ್ಮಕಥನದ ಹಸ್ತಪ್ರತಿ ಬಹುಕಾಲ ಕಣ್ಮರೆಯಾಗಿದ್ದು, 2012ರಲ್ಲಿ ಜಾದೂಗಾರ್ತಿ ಮಾರ್ಗರೆಟ್ ಸ್ಟೀಲ್ ಅವರ ಸಂಪಾದನೆಯಲ್ಲಿ ಪ್ರಕಟವಾಯಿತು. ಹೆಣ್ಣಿನ ಕಡೆಯಿಂದ ಹೇಳಿದ ಸಾಕ್ಷ್ಯ ಇಷ್ಟು ವಿಸ್ತಾರವಾಗಿ ಸಿಗುವುದು ಅಪರೂಪ; ಈ ವಿಷಯದ ಯಾವುದೇ ಅಧ್ಯಯನ ಇನ್ನು ಅಲ್ಲಿಂದಲೇ ಆರಂಭವಾಗಬೇಕು.

ಮೇಲೆ ಹೇಳಿದ ರಾಬಿನ್ಸನ್‌ನ ಕಥೆ ಬೇರೆ ದಾರಿಯದು. ಅವನ ಸಂಗಾತಿ ಆಲಿವ್ ಪಾಥ್ ತೀರ ಕುಳ್ಳಗಿದ್ದಳು, ಎಲ್ಲರೂ ‘ಡಾಟ್’ ಎನ್ನುತ್ತಿದ್ದರು. ಇಕ್ಕಟ್ಟಾದ ಜಾಗಗಳಲ್ಲಿ ಅಡಗಬಲ್ಲ ಆ ದೇಹವೇ ಕೆಲ್ಲರ್, ಹರ್ಮನ್ ಕಂಪನಿಗಳಲ್ಲಿ ಅವಳ ಬಂಡವಾಳವಾಯಿತು. 1900ರಲ್ಲಿ ರಾಬಿನ್ಸನ್ ಯುರೋಪಿಗೆ ಹೋಗಿ ಚುಂಗ್ ಲಿಂಗ್ ಸೂ ಎಂಬ ಚೀನೀಯನ ವೇಷ ಹಾಕಿದ. ಡಾಟ್ ಅವನ ಜೊತೆಗಾತಿ ಸುಯೀ ಸೀನ್ ಆದಳು. ರಂಗದ ಹೊರಗೂ ಈ ಸೋಗನ್ನು ಬಿಡುವಂತಿರಲಿಲ್ಲ. ಡಾಟ್‌ಗಿಂತ ಮೊದಲು ರಾಬಿನ್ಸನ್ ಆಗಿದ್ದ ಮದುವೆ ಎಂದೂ ರದ್ದಾಗಿರಲಿಲ್ಲ. ಮುಂದೆ ಅವನು ಇನ್ನೊಬ್ಬಳ ಜೊತೆ ಸಂಸಾರ ಹೂಡಿ ಮೂರು ಮಕ್ಕಳ ತಂದೆಯಾದ. ಹಾಗಿದ್ದೂ ಡಾಟ್ ಪ್ರತಿ ರಾತ್ರಿ ರಂಗದ ಮೇಲೆ ಸುಯೀ ಸೀನ್ ಆಗಿಯೇ ನಿಂತಳು. ಮನೆಯಲ್ಲಿ ಮುಗಿದ ದಾಂಪತ್ಯ ಭಿತ್ತಿಪತ್ರದಲ್ಲಿ ಮುಂದುವರಿಯಿತು, ಏಕೆಂದರೆ ಆಟಕ್ಕೆ ಅವಳು ಬೇಕಿದ್ದಳು.

1918ರ ಮಾರ್ಚ್ 23ರ ರಾತ್ರಿ ಲಂಡನ್ನಿನ ವುಡ್ ಗ್ರೀನ್ ಎಂಪೈರ್‌ನಲ್ಲಿ ಗುಂಡು ಹಿಡಿಯುವ ಆಟದ ಕೋವಿ ನಿಜವಾಗಿಯೇ ಸಿಡಿದು ರಾಬಿನ್ಸನ್ ಬಿದ್ದ, ಮರುದಿನ ಸತ್ತ. ವಿಚಾರಣೆಯಲ್ಲಿ ಡಾಟ್ ಸಾಕ್ಷಿ ಹೇಳಿದಳು. ವರ್ಷಗಟ್ಟಲೆ ಬಳಸಿ ಸವೆದ ಕೋವಿಯಲ್ಲಿ ಮದ್ದು ತಪ್ಪು ನಳಿಗೆಗೆ ಜಿನುಗಿತ್ತೆಂದು ತಜ್ಞ ಪರೀಕ್ಷೆಯಿಂದ ತಿಳಿಯಿತು. ಆಕಸ್ಮಿಕ ಸಾವೆಂಬ ತೀರ್ಪು ಬಂತು. ಕೋವಿ ತುಂಬುವ, ಕಳಚುವ ಕೆಲಸವನ್ನು ರಾಬಿನ್ಸನ್ ತಾನೇ ಮಾಡಿಕೊಳ್ಳುತ್ತಿದ್ದ. ಗುಟ್ಟಿನ ಒಂದು ಮೂಲೆಯನ್ನು ಒಬ್ಬನೇ ಕಾಯ್ದುಕೊಂಡ ಕಡೆಯಲ್ಲೇ ದೋಷ ಬೆಳೆದದ್ದು ನನಗೆ ಬರಿಯ ಕಾಕತಾಳೀಯವೆನಿಸುವುದಿಲ್ಲ.

ಇನ್ನೊಂದು ಜೋಡಿಯನ್ನು ತಿರುವುಮುರುವಾಗಿ ನೋಡಬೇಕು. ಅಲ್ಲಿ ಮೊದಲು ಹೋದವಳು ಹೆಂಡತಿ. ಡೆನ್ಮಾರ್ಕ್ ಮೂಲದ ಜೂಲಿಯಸ್ ಮತ್ತು ಆಗ್ನೆಸ್ ಜಾನ್ಸಿಗ್ 1906ರಲ್ಲಿ ಲಂಡನ್ನಿನ ಅಲ್ಹಾಂಬ್ರಾದಲ್ಲಿ ಮನಸ್ಸಿನಿಂದ ಮನಸ್ಸಿಗೆ ಸಂದೇಶ ದಾಟಿಸುವ ಆಟ ಆಡಿ ಊರನ್ನೇ ಬೆರಗುಗೊಳಿಸಿದರು. ಜೂಲಿಯಸ್ ಪ್ರೇಕ್ಷಕರ ನಡುವೆ ನಡೆದು ಒಂದೊಂದು ವಸ್ತುವನ್ನು ಮುಟ್ಟುವನು. ರಂಗದ ಮೇಲಿಂದ ಆಗ್ನೆಸ್ ಅದರ ಹೆಸರು, ಬಣ್ಣ, ಮೇಲೆ ಕೆತ್ತಿದ ಅಂಕಿ ಎಲ್ಲವನ್ನೂ ಹೇಳುವಳು. ಆರ್ಥರ್ ಕಾನನ್ ಡಾಯ್ಲ್ ಅಂಥವರೇ ಇದು ಅತೀಂದ್ರಿಯ ಶಕ್ತಿ ಎಂದು ನಂಬಿದರು. ಕೇಳುವ ಪ್ರಶ್ನೆಯ ಪದ, ಪದಗಳ ನಡುವಿನ ಬಿಡುವು, ಚಿಕ್ಕದೊಂದು ಸನ್ನೆ, ಇವುಗಳಲ್ಲಿ ಹೆಣೆದ ಸಂಕೇತವೇ ಅದರ ಜೀವಾಳ. 1916ರಲ್ಲಿ ಆಗ್ನೆಸ್ ತೀರಿಕೊಂಡಳು. ಜೂಲಿಯಸ್ ಮರುಮದುವೆಯಾದ, ಮುಂದೆ ಹೆಸರು ಮಾಡಿದ ಡೇವಿಡ್ ಬ್ಯಾಂಬರ್ಗ್‌ನಂಥ ಪ್ರತಿಭಾವಂತ ಹುಡುಗರಿಗೂ ಸಂಕೇತ ಕಲಿಸಿದ. ಹಳೆಯ ಕೀರ್ತಿ ಮರಳಲಿಲ್ಲ. ಸಂಕೇತದ ಪಟ್ಟಿ ಜೂಲಿಯಸ್ ಬಳಿ ಹಾಗೇ ಇತ್ತು. ಅದನ್ನು ಕ್ಷಣಾರ್ಧದಲ್ಲಿ ಬಿಡಿಸಿ ನಿರಾಯಾಸವಾಗಿ ನುಡಿಯುತ್ತಿದ್ದ ಆಗ್ನೆಸ್ ಇರಲಿಲ್ಲ. ಅವಳನ್ನು ಸಹಾಯಕಿ ಎಂದು ಕರೆದವರು ಈ ಹದಿಮೂರು ವರ್ಷಗಳನ್ನು, ಅಂದರೆ 1929ರಲ್ಲಿ ಜೂಲಿಯಸ್ ಸಾಯುವವರೆಗಿನ ಅವಧಿಯನ್ನು, ಗಮನಿಸಬೇಕಿತ್ತು.

ಹುಡಿನಿ ದಂಪತಿಗಳಲ್ಲೂ ಇಂಥ ಸಂಕೇತವಿತ್ತು. 1894ರಲ್ಲಿ ಮದುವೆಯಾಗುವ ಮೊದಲು ಬೆಸ್ ‘ಫ್ಲೋರಲ್ ಸಿಸ್ಟರ್ಸ್’ ಎಂಬ ಹಾಡು-ಕುಣಿತದ ತಂಡದಲ್ಲಿದ್ದಳು. ಪೆಟ್ಟಿಗೆಯ ಆಟವನ್ನು ಹುಡಿನಿ ಅದಕ್ಕೂ ಮುಂಚೆ ತಮ್ಮ ಥಿಯೋ ಜೊತೆ ಆಡುತ್ತಿದ್ದ. ಪುಟ್ಟ ಮೈಕಟ್ಟಿನ ಬೆಸ್ ಬಂದಮೇಲೆ ಅದಕ್ಕೆ ವೇಗ ಬಂತು. ಅಗ್ಗದ ಪ್ರದರ್ಶನಶಾಲೆ, ಸರ್ಕಸ್‌ಗಳಲ್ಲಿ ಹೊಟ್ಟೆಪಾಡಿಗೆ ಮನಸ್ಸು ಓದುವ ಆಟವನ್ನೂ ಇಬ್ಬರೂ ಆಡಿದರು. ಅದರ ಸಂಕೇತದಲ್ಲಿ ಹತ್ತು ಮಾತುಗಳು ಹತ್ತು ಅಂಕಿಗಳಿಗೆ ನಿಲ್ಲುತ್ತಿದ್ದವು: ‘ಪ್ರೇ’ ಎಂದರೆ ಒಂದು, ‘ಆನ್ಸರ್’ ಎಂದರೆ ಎರಡು, ‘ಟೆಲ್’ ಎಂದರೆ ಐದು, ‘ಲುಕ್’ ಎಂದರೆ ಒಂಬತ್ತು. ಅಂಕಿಗಳಿಂದ ಇಂಗ್ಲಿಷ್ ಅಕ್ಷರಗಳನ್ನೂ ಕಟ್ಟಬಹುದು. ‘ಪ್ರೇ, ಆನ್ಸರ್’ ಒಟ್ಟಿಗೆ ಬಂದರೆ ಹನ್ನೆರಡನೆಯ ಅಕ್ಷರ.

1899ರಲ್ಲಿ ಮಾರ್ಟಿನ್ ಬೆಕ್ ಎಂಬ ರಂಗಮಂದಿರ ವ್ಯವಸ್ಥಾಪಕ ಹುಡಿನಿಯನ್ನು ಕಂಡು, ಸಣ್ಣಪುಟ್ಟ ಜಾದೂ ಬಿಟ್ಟು ಬೇಡಿ ಬಿಚ್ಚುವುದನ್ನೂ ಪೆಟ್ಟಿಗೆಯ ಆಟವನ್ನೂ ಹಿಡಿ ಎಂದ. ಕೀರ್ತಿ ಬಂತು. ಬೇಡಿ ಬಿಚ್ಚುವುದಕ್ಕೆ ಒಬ್ಬನೇ ಸಾಕು. ಭಿತ್ತಿಪತ್ರದಿಂದ ಬೆಸ್ ಮಾಯವಾದಳು. 1926ರ ಅಕ್ಟೋಬರ್ 31ರಂದು ಹುಡಿನಿ ತೀರಿಕೊಂಡಾಗ, ಉಯಿಲಿನ ಪ್ರಕಾರ ಆಟದ ಸಲಕರಣೆಗಳು ತಮ್ಮ ಥಿಯೋಗೆ ಹೋದವು. ಇಂದ್ರಜಾಲದ ಪುಸ್ತಕಗಳು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಸೇರಿದವು. ಆಟದ ಸೊತ್ತಿನಲ್ಲಿ ಬೆಸ್ ಬಳಿ ಉಳಿದದ್ದು ಆ ಹಳೆಯ ಸಂಕೇತ. ಸತ್ತ ಮೇಲೆ ಮಾತಾಡಲು ಸಾಧ್ಯವಾದರೆ ಅದರಲ್ಲೇ ಮಾತಾಡುವುದೆಂದು ಇಬ್ಬರೂ ಒಪ್ಪಿಕೊಂಡಿದ್ದರು. 1929ರ ಜನವರಿಯಲ್ಲಿ ಸತ್ತವರೊಡನೆ ಮಾತಾಡಬಲ್ಲೆನೆಂದು ಹೇಳಿಕೊಳ್ಳುತ್ತಿದ್ದ ಆರ್ಥರ್ ಫೋರ್ಡ್ ಬೆಸ್ ಎದುರು ಕುಳಿತು ಆ ಮಾತುಗಳನ್ನು ನುಡಿದ. ಅಕ್ಷರಕ್ಕಿಳಿಸಿದರೆ ‘ನಂಬು’ ಎಂಬರ್ಥದ ಇಂಗ್ಲಿಷ್ ಪದ. ಆದರೆ ಈ ಸಂಕೇತ 1928ರಲ್ಲಿ ಬೆಸ್‌ಳ ನೆನಪುಗಳನ್ನು ಆಧರಿಸಿ ಹೆರಾಲ್ಡ್ ಕೆಲ್ಲಕ್ ಬರೆದ ಜೀವನಚರಿತ್ರೆಯಲ್ಲೇ ಅಚ್ಚಾಗಿತ್ತು. ಬೆಸ್ ಮುಂದೆ ಫೋರ್ಡ್‌ನ ಮಾತನ್ನು ನಿರಾಕರಿಸಿದಳು. 1936ರಲ್ಲಿ ಹಾಲಿವುಡ್‌ನ ನಿಕರ್‌ಬಾಕರ್ ಹೋಟೆಲಿನ ತಾರಸಿಯ ಮೇಲೆ ಗಂಡನ ಸಂದೇಶಕ್ಕಾಗಿ ಕೊನೆಯ ಸಲ ಕಾದು, ಹತ್ತು ವರ್ಷದ ಆ ಪ್ರಯತ್ನವನ್ನು ನಿಲ್ಲಿಸಿದಳು.

ಈ ನಡುವೆ ರಂಗದ ರೂಢಿಯೇ ಬದಲಾಗಿತ್ತು. 1921ರ ಜನವರಿ 17ರಂದು ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಎಂಪೈರ್‌ನಲ್ಲಿ ಪಿ.ಟಿ. ಸೆಲ್ಬಿಟ್ ಹೆಂಗಸೊಬ್ಬಳನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಗರಗಸದಿಂದ ಕೊಯ್ದ. ಬ್ರಿಟನ್ನಿನ ಹೆಂಗಸರಲ್ಲಿ ಒಂದು ಭಾಗಕ್ಕೆ ಮತದಾನದ ಹಕ್ಕು ದೊರೆತು ಮೂರು ವರ್ಷವಷ್ಟೇ ಆಗಿತ್ತು. ಆಟದ ಜನಪ್ರಿಯತೆಗೂ ಆ ಕಾಲದ ಅಸಹನೆಗೂ ಸಂಬಂಧ ಕಲ್ಪಿಸುವ ವಿದ್ವಾಂಸರಿದ್ದಾರೆ, ನಾನೂ ಅದನ್ನು ಒಪ್ಪುತ್ತೇನೆ. ಅಲ್ಲಿಂದ ಮುಂದೆ ಸಹಾಯಕಿ ಎಂದರೆ ಕೊಯ್ಯಿಸಿಕೊಳ್ಳುವ ದೇಹ ಎಂಬ ಚಿತ್ರ ನೆಲೆಯೂರಿತು. ಇಕ್ಕಟ್ಟಿನಲ್ಲಿ ಮೈ ಮಡಚಿ, ಉಸಿರು ಹಿಡಿದು, ನಗುತ್ತ ತಂತ್ರ ನಡೆಸುವವಳು ಅವಳೇ ಎಂಬುದನ್ನು ಆ ಚಿತ್ರ ಮುಚ್ಚಿಹಾಕಿತು.

ಭಾರತದ ಇಂದ್ರಜಾಲವೂ ಇದೇ ದಾರಿಯಲ್ಲಿ ನಡೆಯಿತು. 1956ರ ಏಪ್ರಿಲ್ 9ರಂದು ಬಿಬಿಸಿಯ ಪನೋರಮಾ ಕಾರ್ಯಕ್ರಮದಲ್ಲಿ ಪಿ.ಸಿ. ಸರ್ಕಾರ್ ಅವರು ತಿರುಗುವ ಗರಗಸದಿಂದ ಸಹಾಯಕಿಯನ್ನು ಕೊಯ್ದರು. ಆಕೆ ಎದ್ದೇಳುವ ಮೊದಲೇ ನಿರೂಪಕ ರಿಚರ್ಡ್ ಡಿಂಬಲ್‌ಬಿ ಕಾರ್ಯಕ್ರಮ ಮುಗಿಸಿದ. ಹುಡುಗಿ ಸತ್ತೇಹೋದಳೆಂದು ಗಾಬರಿಗೊಂಡವರ ಕರೆಗಳು ಬಿಬಿಸಿಯನ್ನು ಮುತ್ತಿದವು. ಮರುದಿನದ ಪತ್ರಿಕೆಗಳಿಂದ ಸರ್ಕಾರ್ ಅವರ ಹೆಸರು ಲಂಡನ್ನಿನಲ್ಲಿ ಮನೆಮಾತಾಯಿತು. ಮೇಜಿನ ಮೇಲೆ ಅಲುಗಾಡದೆ ಮಲಗಿ ಆ ಗಾಬರಿ ಹುಟ್ಟಿಸಿದ ಹದಿನೇಳರ ಹುಡುಗಿ ದೀಪ್ತಿ ಡೇ. ಮುಂದಿನ ಪೀಳಿಗೆಯಲ್ಲಿ ಪಿ.ಸಿ. ಸರ್ಕಾರ್ ಜೂನಿಯರ್ ಅವರ ಜೊತೆ ಪತ್ನಿ ಜಯಶ್ರೀ ದೇವಿ ರಂಗಕ್ಕೆ ಬಂದರು. ಮಗಳು ಮಾನೆಕಾ ಸರ್ಕಾರ್ ಇಂದು ಸ್ವತಃ ಜಾದೂಗಾರ್ತಿ. ಮಗನಿಗೆ ಅಥವಾ ತಮ್ಮನಿಗೆ ದಾಟುತ್ತಿದ್ದ ಸಲಕರಣೆ, ಗುಟ್ಟು, ಮನೆತನದ ಹೆಸರು ಮೂರೂ ಇಲ್ಲಿ ಮಗಳ ಕೈಗೆ ಬಂದಿವೆ.