ಹಳೆಯ ಗೋಡೆಗೆ ಯಾವ ಬಣ್ಣ?

ಸಿರಿಗೆರೆ ಎಂದೊಡನೆ ನಾಡಿನ ಜನರಿಗೆ ನೆನಪಾಗುವುದು ತರಳಬಾಳು ಜಗದ್ಗುರು ಬೃಹನ್ಮಠ ಮತ್ತು ಅದರ ಶಾಲೆ ಕಾಲೇಜುಗಳು. ಚಿತ್ರದುರ್ಗದ ಆ ಸೀಮೆಯ ಊರುಗಳಲ್ಲಿ ನಡೆದಾಡಿದರೆ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮರದ ತೊಲೆ, ಮೇಲೆ ಮಣ್ಣು ಹೊದಿಸಿದ ಮಾಳಿಗೆ ಇರುವ ಹಳೆಯ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಇಂಥ ಮನೆ ಕೊಂಡವರು ಮೊದಲು ಮಾಡಿಸುವ ಕೆಲಸ ಒಳಗೋಡೆಗೆ ಬಣ್ಣ. ಅಂಗಡಿಯವನು ಕೊಟ್ಟ ಬಣ್ಣದ ಕಾರ್ಡನ್ನು ನಡುಮನೆಯಲ್ಲಿ ಹರಡಿಕೊಂಡು ಯಾವುದು ಚೆಂದವೆಂದು ಮನೆಮಂದಿಯೆಲ್ಲ ಚರ್ಚಿಸುತ್ತಾರೆ. ಆದರೆ ಈ ಗೋಡೆಗೆ ಯಾವುದು ಒಗ್ಗುತ್ತದೆ ಎಂದು ಕೇಳುವವರು ಕಡಿಮೆ. ಅದಕ್ಕೆ ಉತ್ತರ ಕಾರ್ಡಿನಲ್ಲಿ ಸಿಗುವುದಿಲ್ಲ. ಗೋಡೆಯ ಚರಿತ್ರೆಯಲ್ಲಿ ಹುಡುಕಬೇಕು.

ಈ ನೆಲದ ಹಳೆಯ ಬಣ್ಣಗಳು ಎರಡು: ಕೆಮ್ಮಣ್ಣಿನ ಕೆಂಪು ಮತ್ತು ಬಿಳುಪು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇದೇ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದಾಗ, ಕೆಂಗಂದು ಲೇಪದ, ಬಿಳಿ ಗೆರೆಗಳ ಚಿತ್ತಾರವಿದ್ದ ಮಡಕೆ ಚೂರುಗಳು ಸಿಕ್ಕವು. ಅವು ಸಾತವಾಹನರ ಕಾಲದವು, ಅಂದರೆ ಸುಮಾರು ಎರಡು ಸಾವಿರ ವರ್ಷ ಹಳೆಯವು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಮೇಲೆಲ್ಲ ಸುಣ್ಣ ಬಳಿದ ಹಳ್ಳಿಯ ಮನೆಯಲ್ಲಿ ಅದೇ ಜೋಡಿಯನ್ನು ನಾವು ಇಂದೂ ಕಾಣುತ್ತೇವೆ.

ಸುಣ್ಣವನ್ನು ಬಡವರ ಬಣ್ಣವೆಂದು ಅನೇಕರು ಹಗುರವಾಗಿ ಕಾಣುತ್ತಾರೆ. ಅದರ ಗುಣ ಬಲ್ಲವರು ಹಾಗೆ ಹೇಳಲಾರರು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ನೀರು ಹಾಕಿದರೆ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಹೀಗೆ ಕಲ್ಲಾದರೂ ಅದರಲ್ಲಿ ಸೂಕ್ಷ್ಮ ರಂಧ್ರಗಳು ಉಳಿದಿರುತ್ತವೆ. ನೆಲದಿಂದ ಗೋಡೆಗೆ ಏರಿದ ತೇವ ಅವುಗಳ ಮೂಲಕ ಆವಿಯಾಗಿ ಹೋಗುತ್ತದೆ. ಸುಣ್ಣದ ಕ್ಷಾರಗುಣ ಬೂಷ್ಟನ್ನೂ ರೋಗಾಣುಗಳನ್ನೂ ತಡೆಯುತ್ತದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಅಧಿಕಾರಿಗಳು ಮನೆಮನೆಗೆ ಸುಣ್ಣ ಬಳಿಸಿದ್ದು ಇದೇ ಕಾರಣಕ್ಕೆ. ನಮ್ಮ ಹಿರಿಯರಿಗೆ ಈ ರಸಾಯನಶಾಸ್ತ್ರ ತಿಳಿದಿರಲಿಲ್ಲ. ಆದರೆ ಯುಗಾದಿಗೆ, ದೀಪಾವಳಿಗೆ, ರಮಝಾನ್‌ಗೆ ಮುನ್ನ ಸುಣ್ಣ ಬಳಿಯಬೇಕೆಂಬುದು ಗೊತ್ತಿತ್ತು. ಹಬ್ಬ ಬೇರೆಯಾದರೂ ಸುಣ್ಣದ ಗಡಿಗೆ ಒಂದೇ.

ಅರಮನೆಗಳೂ ಸುಣ್ಣವನ್ನು ಬಿಟ್ಟು ನಿಂತಿರಲಿಲ್ಲ. ಬೀದರ್ ಬಳಿಯ ಅಷ್ಟೂರಿನಲ್ಲಿ, 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಸಮಾಧಿಯ ಒಳಗೋಡೆಗಳಲ್ಲಿ ಚಿನ್ನ, ಕೆಂಪು, ನೀಲಿಗಳ ಚಿತ್ತಾರ ಇಂದಿಗೂ ಇದೆ. ಮುಸ್ಲಿಮರಿಗೆ ವಲಿಯಾದ ಈತನನ್ನು ಅಲ್ಲಮಪ್ರಭುವೆಂದು ಭಾವಿಸಿ ನಡೆದುಕೊಳ್ಳುವ ಹಿಂದೂ ಭಕ್ತರೂ ಇದ್ದಾರೆ. ಅಲ್ಲಿಯ ಉರೂಸಿಗೆ ಜಂಗಮರು ಬರುತ್ತಾರೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್‌ನ ಗೋಡೆಗಳಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರಗಳಿವೆ.

ಅಂದು ಬಣ್ಣಗಳಲ್ಲೆಲ್ಲ ದುಬಾರಿಯಾದದ್ದು ನೀಲಿ. ಅಫ್ಘಾನಿಸ್ತಾನದ ಬದಖ್ಶಾನಿನ ಗಣಿಗಳ ಲಾಜವರ್ದ್ ಕಲ್ಲನ್ನು ಅರೆದು ತೆಗೆದ ನೀಲಿ ಬಡವರ ಕೈಗೆ ಎಟಕುವಂತಿರಲಿಲ್ಲ. 1828ರಲ್ಲಿ ಫ್ರಾನ್ಸಿನ ಗಿಮೇ ಎಂಬಾತ ಅದನ್ನು ಕೃತಕವಾಗಿ ತಯಾರಿಸಿ ಬಹುಮಾನ ಪಡೆದ. ಮುಂದೆ ಅದು ಬಟ್ಟೆಗೆ ಹಾಕುವ ನೀಲಿಯಾಗಿ ಹಳ್ಳಿಯ ಅಂಗಡಿಗೂ ಬಂತು. ನಮ್ಮ ತಾಯಂದಿರು ಚಿಟಿಕೆ ನೀಲಿಯನ್ನು ಸುಣ್ಣಕ್ಕೆ ಬೆರೆಸಿ ಬಳಿದ ತಿಳಿನೀಲಿ ಗೋಡೆಗಳ ಹಿಂದೆ ಇಷ್ಟು ದೊಡ್ಡ ಕಥೆಯಿದೆ.

ಡಬ್ಬಿಯ ಬಣ್ಣ ಬಂದದ್ದು ಆಮೇಲೆ. 1902ರಲ್ಲಿ ಕಲ್ಕತ್ತೆಯ ಬಳಿ ಶಾಲಿಮಾರ್ ಕಾರ್ಖಾನೆ ಆರಂಭವಾಯಿತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಹುಟ್ಟಿತು. ಮತದಾರರ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ಅಲ್ಲಿಯೇ. 1942ರಲ್ಲಿ ಮುಂಬಯಿಯಲ್ಲಿ ಏಷ್ಯನ್ ಪೇಂಟ್ಸ್ ಆರಂಭವಾಯಿತು. 1954ರಲ್ಲಿ ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಆ ಕಂಪೆನಿಗಾಗಿ ಬರೆದ, ಕುಂಚ ಹಿಡಿದ ತುಂಟ ಹುಡುಗ 'ಗಟ್ಟು' ಬಣ್ಣವನ್ನು ಮನೆಮಾತಾಗಿಸಿದ. ಸಿಮೆಂಟಿನ ಮನೆಗಳಿಗೆ ಈ ಬಣ್ಣಗಳು ಹೊಂದಿಕೊಂಡವು. ತೊಂದರೆಯಾದದ್ದು ಮಣ್ಣಿನ ಗೋಡೆಗಳಿಗೆ. ಪ್ಲಾಸ್ಟಿಕ್ ಬಣ್ಣದ ಪದರ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಒಂದೆರಡು ಮಳೆಗಾಲದಲ್ಲಿ ಬಣ್ಣ ಗುಳ್ಳೆಯೇಳುತ್ತದೆ, ಗಾರೆ ಉದುರುತ್ತದೆ. ಮೇಸ್ತ್ರಿಯನ್ನು ಬೈದು ಅದರ ಮೇಲೆಯೇ ಮತ್ತೊಂದು ಕೋಟ್ ಹೊಡೆಸುತ್ತೇವೆ. ಗೋಡೆ ಇನ್ನಷ್ಟು ಹಾಳಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಬಾಗಿಲು ಕಿಟಕಿಗಳಲ್ಲಿದೆ. ಹಳೆಯ ಎನಾಮೆಲ್ ಬಣ್ಣಗಳ ಹೊಳಪಿಗೆ ಸೀಸದ ಸಂಯುಕ್ತಗಳನ್ನು ಬೆರೆಸಲಾಗುತ್ತಿತ್ತು. ಹಳದಿ, ಕೇಸರಿ, ಹಸಿರು ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರುತ್ತಿತ್ತು. ಸೀಸದ ಧೂಳು ಮಕ್ಕಳ ಮೈಸೇರಿದರೆ ಬುದ್ಧಿ ಬೆಳವಣಿಗೆ ಕುಂಠಿತವಾಗುತ್ತದೆ. ಆ ಹಾನಿಯನ್ನು ಮತ್ತೆ ಸರಿಪಡಿಸಲಾಗದು. ಅಮೆರಿಕ 1978ರಲ್ಲಿಯೇ ಮನೆ ಬಣ್ಣಗಳಲ್ಲಿ ಸೀಸವನ್ನು ನಿಷೇಧಿಸಿತು. ನಮ್ಮಲ್ಲಿ ಈ ಕುರಿತು ಎಚ್ಚರ ಮೂಡಿಸಿದ್ದರಲ್ಲಿ ಬೆಂಗಳೂರಿನ ಪಾತ್ರ ಹಿರಿದು. 1999ರಲ್ಲಿ ಅಲ್ಲಿ ಸೀಸದ ವಿಷದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್ ಇದಕ್ಕಾಗಿ ದಶಕಗಳ ಕಾಲ ದುಡಿದರು. ಕಡೆಗೆ 2016ರಲ್ಲಿ ಕೇಂದ್ರ ಸರಕಾರ ನಿಯಮ ಹೊರಡಿಸಿ, ಮನೆ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದು ವಿಧಿಸಿತು. ಅದು 2017ರ ನವೆಂಬರಿನಲ್ಲಿ ಜಾರಿಗೆ ಬಂತು. ಆದರೆ ಅದಕ್ಕೂ ಮೊದಲು ಹಳೆಯ ಮನೆಗಳ ಬಾಗಿಲಿಗೆ ಹಚ್ಚಿದ ಬಣ್ಣವನ್ನು ಯಾವ ಕಾನೂನೂ ಕೆರೆದು ತೆಗೆದಿಲ್ಲ.

ಆದ್ದರಿಂದ ಹಳೆಯ ಮನೆ ಕೊಂಡವರಿಗೆ ನಮ್ಮದೊಂದು ವಿನಂತಿ. ಬಾಗಿಲು ಕಿಟಕಿಯ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿಸಬೇಡಿ, ಸುಡಿಸಬೇಡಿ. ನೀರು ಹಾಕಿ ನೆನೆಸಿ ಕೆರೆಸಿ. ಕೆಲಸ ಮುಗಿದು ನೆಲ ಒರೆಸುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ಅಲ್ಲಿಂದ ದೂರವಿಡಿ. ಬಣ್ಣ ಹೊಡೆಯುವವನ ಮನೆಯಲ್ಲೂ ಮಕ್ಕಳಿರುತ್ತಾರೆ, ಅವನಿಗೂ ಮೂಗುಬಾಯಿ ಮುಚ್ಚಲು ಮಾಸ್ಕ್ ಕೊಡಿ. ಗೋಡೆ ಮಣ್ಣಿನದಾದರೆ ತೇವದ ಮೂಲವನ್ನು ಮೊದಲು ಸರಿಪಡಿಸಿ, ಸಿಮೆಂಟು ಮೆತ್ತದೆ ಸುಣ್ಣದ ಗಾರೆಯಿಂದ ದುರಸ್ತಿ ಮಾಡಿಸಿ, ಮೇಲೆ ಸುಣ್ಣವನ್ನೇ ಬಳಿಸಿ. ತಿಳಿಯಾಗಿ ಎರಡು ಮೂರು ಸಲ ಬಳಿಯಬೇಕು, ಕಣ್ಣಿಗೆ ಹಾರದಂತೆ ನೋಡಿಕೊಳ್ಳಬೇಕು. ಬಣ್ಣವೇ ಬೇಕೆಂದರೆ ಕೆಮ್ಮಣ್ಣು, ನೀಲಿ ಇದ್ದೇ ಇವೆ.

ಬಣ್ಣವನ್ನು ನೋಡಿ ಜಾತಿ ಧರ್ಮ ಗುರುತಿಸುವ ಚಟ ಈಚೆಗೆ ಹೆಚ್ಚಿದೆ. 2022ರಲ್ಲಿ ಶಾಲಾ ಕೊಠಡಿಗಳಿಗೆ ಕೇಸರಿ ಬಳಿಯುವ ಮಾತಿಗೆ ರಾಜ್ಯದಲ್ಲಿ ವಿವಾದವಾಯಿತು. ಅದೇ ವರ್ಷ ಕಲಬುರಗಿ ರೈಲು ನಿಲ್ದಾಣಕ್ಕೆ ಬಳಿದ ಹಸಿರನ್ನು ಪ್ರತಿಭಟನೆಗೆ ಮಣಿದು ಬಿಳಿಯಾಗಿಸಲಾಯಿತು. ಡಬ್ಬಿಯೊಳಗಿನ ಸೀಸಕ್ಕೆ ಈ ಭೇದವಿರಲಿಲ್ಲ. ಕೇಸರಿ ಬಾಗಿಲಿನ ಮನೆಯ ಮಗುವಿಗೂ ಹಸಿರು ಬಾಗಿಲಿನ ಮನೆಯ ಮಗುವಿಗೂ ಅದು ಒಂದೇ ಬಗೆಯ ವಿಷ. ಮನೆಯನ್ನು ನಾವು ಹಣ ಕೊಟ್ಟು ಕೊಂಡಿರಬಹುದು. ಆದರೂ ಅದು ಹಿಂದಿನವರು ಕಟ್ಟಿದ್ದು, ಮುಂದಿನವರು ಬಾಳಬೇಕಾದದ್ದು. ನಮ್ಮ ಬಳಿ ಇರುವ ಅಮಾನತ್, ನಂಬಿ ಒಪ್ಪಿಸಿದ ವಸ್ತು. ಬಣ್ಣ ಆರಿಸುವಾಗ ಅಲ್ಲಿ ಬೆಳೆಯಲಿರುವ ಮಕ್ಕಳು ಮೊದಲು ನೆನಪಾಗಲಿ.